ಕೂಗುವ ಪೆಟ್ಟಿಗೆಯೂ ಕುರಿ ಕಾಯುವ ಕೆಲಸವೂ



ಕಾಡುಪ್ರಾಣಿಯನ್ನು ಕೂಗಿ ಕರೆಯುವ ವಿದ್ಯುನ್ಮಾನ ಪೆಟ್ಟಿಗೆಯನ್ನು ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ನೋಡಿರಬಹುದು. ಅಮೆರಿಕದ ಬೇಟೆಗಾರ ಅದನ್ನು ಬಯಲಿನಲ್ಲಿಟ್ಟು, ಐವತ್ತು ಅರವತ್ತು ಮಾರು ದೂರದ ಪೊದೆಯಲ್ಲಿ ಬಂದೂಕು ಹಿಡಿದು ಕೂರುತ್ತಾನೆ. ರಿಮೋಟ್ ಒತ್ತಿದೊಡನೆ ಗಾಯಗೊಂಡ ಮೊಲದ ಚೀರಾಟ ಕೇಳುತ್ತದೆ. ಕೊಯೋಟಿ ಓಡಿಬರುತ್ತದೆ. ಇಂಥದು ನಮ್ಮಲ್ಲಿಗೂ ಬಂದರೆ ತೋಳ, ಗುಳ್ಳೆನರಿಗಳ ಕಾಟ ತಪ್ಪೀತು ಎಂಬ ಆಸೆ ಕುರಿಗಾರರಲ್ಲಿ ಹುಟ್ಟುವುದು ಸಹಜ. ಆದರೆ ಅದು ಬೇಡವೆಂಬುದು ನನ್ನ ಅಭಿಪ್ರಾಯ. ಕಾನೂನಿನ ಭಯವೊಂದೇ ಇದಕ್ಕೆ ಕಾರಣವಲ್ಲ.

ಕೊಯೋಟಿಯು ನಮ್ಮ ಗುಳ್ಳೆನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಚಿಕ್ಕದು. ಅದನ್ನು ಬಾಯಿಂದ ಊದುವ ಪೀಪಿಯಿಂದ ಕರೆಯುವುದು ಅಲ್ಲಿ ಹಳೆಯ ರೂಢಿ. ಮುಂದೆ ಟೆಕ್ಸಾಸ್ ಪ್ರಾಂತದಲ್ಲಿ ನಿಜವಾದ ಪ್ರಾಣಿಗಳ ಕೂಗನ್ನೇ ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿ ಮಾರಿದರು. ಬಳಿಕ ಕ್ಯಾಸೆಟ್ ಬಂತು. ಈಗ ನೂರಾರು ಕೂಗುಗಳು ಅಂಗೈಯಗಲದ ಯಂತ್ರದಲ್ಲಿ ಅಡಗಿವೆ. ಯಂತ್ರದಿಂದ ಒಂದು ಅನುಕೂಲವುಂಟು. ಕೊಯೋಟಿ ಸಾಮಾನ್ಯವಾಗಿ ಸುತ್ತಿ ಬಳಸಿ, ಗಾಳಿಯ ಕೆಳಗಿನಿಂದ ಮೂಸುತ್ತ ಬರುತ್ತದೆ. ಸದ್ದು ಒಂದೆಡೆ, ಮನುಷ್ಯ ಇನ್ನೊಂದೆಡೆ ಇದ್ದರೆ ಅದರ ಗಮನ ಪೆಟ್ಟಿಗೆಯ ಕಡೆಗೇ ಇರುತ್ತದೆ. ಗುರಿ ತಪ್ಪಿ ಬದುಕಿ ಉಳಿದದ್ದು ಮಾತ್ರ ಆ ಕೂಗನ್ನು ಸುಲಭವಾಗಿ ಮರೆಯುವುದಿಲ್ಲ. ಮತ್ತೆ ಅದೇ ಸದ್ದಿಗೆ ಬರುವುದು ಕಷ್ಟ.

ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಕೂಗಿಗೆ ಬಂದು ಸತ್ತ ಪ್ರಾಣಿ ಕುರಿ ತಿಂದದ್ದೇ ಹೌದೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಾಪ್‌ಲ್ಯಾಂಡ್ ಕೇಂದ್ರದಲ್ಲಿ 1990ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿದರು. ಕುರಿಗಳನ್ನು ಕೊಂದವು ಹೆಚ್ಚಾಗಿ ಅಲ್ಲಿಯೇ ಹದ್ದು ಕಟ್ಟಿಕೊಂಡು ಮರಿ ಮಾಡುವ ಜೋಡಿಗಳೆಂದು ಕಂಡುಬಂತು. ಅಂದಮೇಲೆ ಚಳಿಗಾಲದಲ್ಲಿ ಎಲ್ಲೆಂದರಲ್ಲಿ ಕೂಗಿಸಿ, ಬಂದ ಅಲೆಮಾರಿ ಎಳೆಯ ಪ್ರಾಣಿಗಳನ್ನು ಹೊಡೆದರೆ ಕುರಿಗಾರನಿಗೆ ಏನು ಲಾಭ? ಕುರಿ ಸತ್ತ ಜಾಗದ ಹತ್ತಿರವೇ, ಮರಿ ಸಾಕುವ ಕಾಲದಲ್ಲಿ, ಅನುಭವಿಯೊಬ್ಬ ಮರಿಯ ಅಳುವನ್ನು ಕೇಳಿಸಿ ಆ ಜೋಡಿಯನ್ನೇ ಹೊರಗೆಳೆದರೆ ಉಪಯೋಗವಾದೀತು. ಅಂಥ ಕೆಲಸಕ್ಕೆ ಯಂತ್ರಕ್ಕಿಂತ ಹೆಜ್ಜೆ ಗುರುತು ಓದುವ ಕಣ್ಣು ಮುಖ್ಯ. ಹೆಚ್ಚು ಕೊಂದವರಿಗೆ ಬಹುಮಾನವೆಂಬ ಪಂದ್ಯಗಳೂ ಅಲ್ಲಿ ನಡೆಯುತ್ತಿದ್ದವು. 2014ರಲ್ಲಿ ಕ್ಯಾಲಿಫೋರ್ನಿಯಾ ಅವನ್ನು ನಿಷೇಧಿಸಿತು. ಅದನ್ನು ಬೇಸಾಯವೆನ್ನಲಾಗದು.

ಲೆಕ್ಕವನ್ನೂ ನೋಡಿ. 2021ರಲ್ಲಿ ಅಮೆರಿಕದ ಸರ್ಕಾರಿ ಸಿಬ್ಬಂದಿಯೇ 60 ಸಾವಿರಕ್ಕೂ ಹೆಚ್ಚು ಕೊಯೋಟಿಗಳನ್ನು ಕೊಂದರು. ಹಿಂದೆ ವಿಷವನ್ನೂ ಧಾರಾಳವಾಗಿ ಹಾಕಿ, 1972ರಲ್ಲಿ ಅದಕ್ಕೆ ಕಡಿವಾಣ ಹಾಕಿದರು. ಇಷ್ಟಾದರೂ ಪಶ್ಚಿಮದ ಬಯಲುಗಳಲ್ಲಿದ್ದ ಪ್ರಾಣಿ ಪೂರ್ವದ ಕರಾವಳಿಯವರೆಗೆ ಹಬ್ಬಿದೆ. ತೆರವಾದ ಹದ್ದಿಗೆ ಬೇರೆಯದು ಬರುತ್ತದೆ. ಸಂಖ್ಯೆ ತಗ್ಗಿದ ಕಡೆ ಒಂದು ಸೂಲಿಗೆ ಹೆಚ್ಚು ಮರಿ ಹುಟ್ಟಬಹುದು. ಆದ್ದರಿಂದಲೇ 1970ರ ದಶಕದ ಕೊನೆಯಿಂದ ಅಲ್ಲಿನ ಕುರಿಗಾರರು ಯುರೋಪು, ತುರ್ಕಿ ಮೂಲದ ದೊಡ್ಡ ಕಾವಲು ನಾಯಿಗಳತ್ತ ತಿರುಗಿದರು. ಮರಿಯಿದ್ದಾಗಲೇ ಕುರಿಗಳ ನಡುವೆ ಬೆಳೆಸಿದರೆ ಆ ನಾಯಿ ಹಿಂಡನ್ನೇ ತನ್ನ ಬಳಗವೆಂದು ಕಾಯುತ್ತದೆ. ನಮ್ಮ ಕುರುಬರಿಗೆ ಇದು ಹೊಸ ಪಾಠವೇನಲ್ಲ!

ಇನ್ನು ನಮ್ಮ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ತೋಳ, ಗುಳ್ಳೆನರಿ ಎರಡಕ್ಕೂ ರಕ್ಷಣೆಯಿದೆ. ಕೊಲ್ಲುವುದಷ್ಟೇ ಅಲ್ಲ, ಕೊಲ್ಲಲು ಪ್ರಯತ್ನಿಸುವುದೂ ಅಪರಾಧ. ಹೊಲದ ಇಲಿ, ಹೆಗ್ಗಣಗಳನ್ನು ಹಿಡಿದು ತಿನ್ನುವ ಗುಳ್ಳೆನರಿಯನ್ನು ಕಳೆದುಕೊಂಡರೆ ನಷ್ಟ ನಮಗೇ. ಯಂತ್ರಕ್ಕೆ ಹಾಕುವ ಹಣದಲ್ಲಿ ಹಟ್ಟಿಗೆ ಎತ್ತರದ ಗಟ್ಟಿ ಬಲೆ ಬೇಲಿ ಹಾಕಿರಿ, ಬುಡದಲ್ಲಿ ಕಲ್ಲು ಹೂಳಿರಿ. ಈಯುವ ಕುರಿಗಳನ್ನೂ ಎಳೆಮರಿಗಳನ್ನೂ ರಾತ್ರಿ ಬಯಲಿನಲ್ಲಿ ಬಿಡಬೇಡಿರಿ. ಸತ್ತ ಕುರಿಯನ್ನು ಹಳ್ಳದ ದಂಡೆಗೆ ಎಸೆಯದೆ ಆಳವಾಗಿ ಹೂಳಿರಿ. ಆ ವಾಸನೆಯೇ ಕಾಡುಪ್ರಾಣಿಯನ್ನು ಹಟ್ಟಿಯ ಕಡೆಗೆ ಕರೆತರುತ್ತದೆ. ತೋಳ ಹಿಡಿದ ಕುರಿಯಾದರೆ ಮಾತ್ರ, ಹೂಳುವ ಮೊದಲು ಅರಣ್ಯ ಇಲಾಖೆಯವರಿಗೂ ಪಶುವೈದ್ಯರಿಗೂ ತೋರಿಸಿ ಪರಿಹಾರಕ್ಕೆ ಅರ್ಜಿ ಕೊಡಿರಿ.