ಸರ್ಕಾರದ ಎಲ್ಲ ಪೋರ್ಟಲ್ ಮತ್ತು ಆ್ಯಪ್‌ಗಳಿಗೆ ಒಂದೇ ಸುಗಮ್ಯ ವಿನ್ಯಾಸ ವ್ಯವಸ್ಥೆ ಬೇಕು: ಮನವಿ ಪತ್ರ

ಗೆ,
ಸರ್ಕಾರದ ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಇವರಿಂದ,
ರಾಜ್ಯದ ವಿವಿಧ ಜಿಲ್ಲೆಗಳ ವಿಕಲಚೇತನರು, ಅವರ ಪೋಷಕರು, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಾಗೂ ವೆಬ್ ತಂತ್ರಜ್ಞರು.

ಮಾನ್ಯರೇ,

ವಿಷಯ: ರಾಜ್ಯ ಸರ್ಕಾರದ ಡಿಜಿಟಲ್ ಸೇವೆಗಳಿಗೆ ಏಕರೂಪದ, ಕಾನೂನುಬದ್ಧವಾದ, ವಿಕಲಚೇತನರು ಸ್ವತಂತ್ರವಾಗಿ ಬಳಸಬಲ್ಲ ವಿನ್ಯಾಸ ವ್ಯವಸ್ಥೆಯನ್ನು ರೂಪಿಸಿ, ಅದರ ಹೊಣೆಯನ್ನು ಒಂದು ಅಧಿಕಾರಯುತ ಮಂಡಳಿಗೆ ವಹಿಸುವ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಹಣಿ, ಮಾಸಾಶನ, ವಿದ್ಯಾರ್ಥಿವೇತನ, ಆಸ್ತಿ ನೋಂದಣಿ ಇವೆಲ್ಲವೂ ಇಂದು ಬಹುಮಟ್ಟಿಗೆ ಪರದೆಯ ಮೂಲಕ ಜನರಿಗೆ ತಲುಪುತ್ತಿವೆ. ಕಚೇರಿಗೆ ಅಲೆಯುವುದು ತಪ್ಪಿದ್ದರಿಂದ ಹೆಚ್ಚು ಅನುಕೂಲವಾಗಬೇಕಾಗಿದ್ದುದು ನಡೆದಾಡಲು, ನೋಡಲು, ಕೇಳಲು ಕಷ್ಟವಿರುವವರಿಗೆ. ಆದರೆ ಅವರಲ್ಲಿ ಅನೇಕರು ಈಗಲೂ ತಮ್ಮ ಆಧಾರ್ ಸಂಖ್ಯೆಯನ್ನೂ ಒಟಿಪಿಯನ್ನೂ ಪರರ ಕೈಗೆ ಕೊಟ್ಟು ಅರ್ಜಿ ತುಂಬಿಸುತ್ತಿದ್ದಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13,24,205 ವಿಕಲಚೇತನರಿದ್ದರು. ಅನಂತರ ಬಂದ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ವಯಸ್ಸಿನಿಂದ ಕಣ್ಣು ಮಂಜಾದ, ಕೈ ನಡುಗುವ ಅನೇಕರು ಜನಗಣತಿಯ ಈ ಲೆಕ್ಕದಲ್ಲಿ ಸೇರಿಲ್ಲ. ಅವರ ಪರವಾಗಿಯೂ ಈ ಮನವಿ ಸಲ್ಲಿಸುತ್ತಿದ್ದೇವೆ.

ನಡೆಯುತ್ತಿರುವುದೇನು

ಸಹಿದಾರರಲ್ಲಿ ಒಬ್ಬರು ಪೂರ್ಣ ದೃಷ್ಟಿಹೀನರು, ಪದವೀಧರರು. ಎನ್‌ವಿಡಿಎ ಎಂಬ, ಪರದೆಯ ಪಠ್ಯವನ್ನು ಓದಿ ಹೇಳುವ ಉಚಿತ ಸ್ಕ್ರೀನ್ ರೀಡರ್ ಬಳಸಿ ದಿನವೂ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಾರೆ. ಒಂದು ಸೇವಾ ಪೋರ್ಟಲ್‌ನಲ್ಲಿ ಅವರು ಅರ್ಜಿ ತೆರೆದಾಗ ಕನ್ನಡದ ಪುಟ ಮೌನವಾಗಿತ್ತು. ಪುಟದ ಭಾಷೆ ಕನ್ನಡವೆಂದು ಕೋಡ್‌ನಲ್ಲಿ ನಮೂದಿಸದೆ ಇಂಗ್ಲಿಷ್ ಎಂದು ಬಿಟ್ಟಿದ್ದರಿಂದ, ತಂತ್ರಾಂಶ ಆ ಪಠ್ಯವನ್ನು ಕನ್ನಡ ಅಕ್ಷರ ತಿಳಿಯದ ಇಂಗ್ಲಿಷ್ ಧ್ವನಿಗೆ ಒಪ್ಪಿಸಿತ್ತು. ಇಂಗ್ಲಿಷ್ ಪುಟಕ್ಕೆ ಹೋದರೆ ಜನ್ಮದಿನಾಂಕದ ಕ್ಯಾಲೆಂಡರ್ ಮೌಸ್‌ಗೆ ಮಾತ್ರ ತೆರೆಯುತ್ತಿತ್ತು. ಕೀಬೋರ್ಡ್‌ನಿಂದ ಟೈಪ್ ಮಾಡಲು ಅವಕಾಶವಿರಲಿಲ್ಲ. ಪಕ್ಕದವರ ನೆರವಿನಿಂದ ದಿನಾಂಕ ತುಂಬಿ ಮುಂದೆ ಹೋದರೆ, ತಪ್ಪಾದ ಜಾಗವನ್ನು ಕೆಂಪು ಗೆರೆಯಿಂದ ಮಾತ್ರ ತೋರಿಸಲಾಗಿತ್ತು. ಯಾವ ಜಾಗ, ಏನು ತಪ್ಪು ಎಂಬುದು ಅಕ್ಷರದಲ್ಲಿ ಎಲ್ಲೂ ಇರಲಿಲ್ಲ. ಕೊನೆಗೆ ಚಿತ್ರದ ಕ್ಯಾಪ್ಚಾ ಬಂತು. ಅರ್ಜಿ ಅಲ್ಲಿಗೇ ನಿಂತಿತು.

ಶ್ರವಣದೋಷವುಳ್ಳವರಿಗೆ ಸಹಾಯವಾಣಿ ಎಂದರೆ ಕೇವಲ ದೂರವಾಣಿ ಸಂಖ್ಯೆ. ಮಂದದೃಷ್ಟಿಯವರು ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿದರೆ ಬಟನ್ನಿನೊಳಗಿನ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಬೆರಳು ಸ್ವಾಧೀನದಲ್ಲಿಲ್ಲದವರು ಒಟಿಪಿ ಒತ್ತುವಷ್ಟರಲ್ಲಿ ಸಮಯ ಮುಗಿದು, ತುಂಬಿದ್ದೆಲ್ಲ ಅಳಿಸಿಹೋಗಿರುತ್ತದೆ. ಆದೇಶಗಳು, ಸುತ್ತೋಲೆಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿಯೋ, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿಯೋ ಪ್ರಕಟವಾಗುತ್ತವೆ. ಚಿತ್ರವನ್ನು ಸ್ಕ್ರೀನ್ ರೀಡರ್ ಓದುವುದಿಲ್ಲ. ಹಳೆಯ ಫಾಂಟಿನ ಕನ್ನಡವನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ.

ಇವುಗಳಲ್ಲಿ ಯಾವುದೂ ಬಗೆಹರಿಯದ ತಾಂತ್ರಿಕ ಸಮಸ್ಯೆಯಲ್ಲ. ಪ್ರತಿಯೊಂದಕ್ಕೂ ಪರಿಹಾರ ಗೊತ್ತಿದೆ. ಆದರೆ ಒಂದು ಇಲಾಖೆಯಲ್ಲಿ ಸರಿಪಡಿಸಿದ ದೋಷ ಇನ್ನೊಂದು ಇಲಾಖೆಯ ಹೊಸ ಪೋರ್ಟಲ್‌ನಲ್ಲಿ ಮತ್ತೆ ಹುಟ್ಟುತ್ತಿದೆ.

ಕಾನೂನು ಹೇಳುವುದೇನು

ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 40ನೇ ಕಲಂ ಮಾಹಿತಿ ತಂತ್ರಜ್ಞಾನವೂ ಸೇರಿದಂತೆ ಸುಗಮ್ಯತೆಯ ಮಾನದಂಡಗಳನ್ನು ನಿಯಮಗಳ ಮೂಲಕ ನಿಗದಿಪಡಿಸಬೇಕೆನ್ನುತ್ತದೆ. 42ನೇ ಕಲಂ ಮಾಹಿತಿ ಮತ್ತು ಸಂವಹನ ಮಾಧ್ಯಮಗಳು ಬಳಕೆಗೆ ಒದಗುವಂತಿರಬೇಕೆಂದು ಸರ್ಕಾರಗಳಿಗೆ ವಿಧಿಸುತ್ತದೆ. 46ನೇ ಕಲಂ ಸರ್ಕಾರಿ ಮತ್ತು ಖಾಸಗಿ ಸೇವಾದಾತರಿಬ್ಬರಿಗೂ ಇದನ್ನು ಪಾಲಿಸಲು ಕಾಲಮಿತಿ ಹಾಕುತ್ತದೆ. ಉಲ್ಲಂಘನೆಗೆ 89ನೇ ಕಲಮಿನಲ್ಲಿ ದಂಡವಿದೆ.

ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ನೀಡಿದ ತೀರ್ಪು ಈ ಮನವಿಗೆ ಬಹುಮುಖ್ಯ ಆಧಾರ. ಬರೀ ಶಿಫಾರಸಿನ ಧಾಟಿಯ ಮಾರ್ಗಸೂಚಿಗಳು ಅಧಿನಿಯಮದ ಆಶಯಕ್ಕೆ ವಿರುದ್ಧವೆಂದು ಹೇಳಿ, ಆ ಅಧಿನಿಯಮದಡಿಯ 2017ರ ನಿಯಮಾವಳಿಯ 15(1)ನೇ ನಿಯಮವನ್ನು ಅದು ಅಸಿಂಧುಗೊಳಿಸಿತು. ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಸಾರಿತು. ಆಸಿಡ್ ದಾಳಿಗೆ ತುತ್ತಾದವರೂ ದೃಷ್ಟಿಹೀನರೂ ಇ-ಕೆವೈಸಿಯಲ್ಲಿ ಕಣ್ಣು ಮಿಟುಕಿಸಲಾಗದೆ, ಕ್ಯಾಮೆರಾ ನೋಡಲಾಗದೆ ಹೊರಗುಳಿದದ್ದರಿಂದ ಆ ಪ್ರಕರಣ ಹುಟ್ಟಿತ್ತು.

ಮಾನದಂಡಗಳಿಗೂ ಕೊರತೆಯಿಲ್ಲ. ಮಾಹಿತಿ ತಂತ್ರಜ್ಞಾನದ ಸುಗಮ್ಯತೆಗೆ ಭಾರತೀಯ ಮಾನಕ ಐಎಸ್ 17802 ಇದೆ. ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ ಜಿಐಜಿಡಬ್ಲ್ಯು 3.0 ಇದೆ. ಜಾಲ ವಿಷಯದ ಸುಗಮ್ಯತೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯುಸಿಎಜಿ 2.2 ಇದೆ. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದಡಿ ಯುಎಕ್ಸ್‌4ಜಿ ಎಂಬ ವಿನ್ಯಾಸ ವ್ಯವಸ್ಥೆ ಲಭ್ಯವಿದೆ.

ಕೊರತೆ ಇರುವುದೆಲ್ಲಿ

ಇಷ್ಟಿದ್ದೂ ಫಲ ಕಾಣದಿರುವುದಕ್ಕೆ ಕಾರಣ, ಇವುಗಳನ್ನು ಜಾರಿಗೆ ತರುವ ಹೊಣೆ ಯಾರ ಮೇಲೂ ಸ್ಪಷ್ಟವಾಗಿ ಇಲ್ಲದಿರುವುದು. ಒಂದೊಂದು ಪೋರ್ಟಲ್‌ಗೂ ಬೇರೆ ಟೆಂಡರ್, ಬೇರೆ ಏಜೆನ್ಸಿ. ಹಾಗಾಗಿ ದಿನಾಂಕ ತುಂಬುವ ಬಗೆಯೂ ಬೇರೆ ಬೇರೆ. ಏಜೆನ್ಸಿ ಬದಲಾದರೆ ಹಿಂದಿನವರು ಕಲಿತದ್ದು ಅವರೊಂದಿಗೇ ಹೋಗುತ್ತದೆ. ಗುಣಮಟ್ಟದ ಪ್ರಮಾಣ ಪತ್ರವು ಪರೀಕ್ಷೆ ನಡೆದ ದಿನದ ಜಾಲತಾಣಕ್ಕೆ ಸಿಕ್ಕಿರುತ್ತದೆ. ಮುಂದಿನ ತಿಂಗಳು ಹೊಸ ಫಾರಂ ಸೇರಿಸಿದಾಗ ಅದನ್ನು ಮತ್ತೆ ನೋಡುವವರಿಲ್ಲ. ಕೆಲವೆಡೆ ಪುಟದ ಅಂಚಿನಲ್ಲಿ ಗಾಲಿಕುರ್ಚಿಯ ಚಿಹ್ನೆಯೊಂದನ್ನು ಅಂಟಿಸಿ, ಬಣ್ಣ ಮತ್ತು ಅಕ್ಷರದ ಗಾತ್ರ ಬದಲಿಸುವ ಸೌಲಭ್ಯ ಕೊಟ್ಟು, ಕೆಲಸ ಮುಗಿಯಿತೆಂದು ತಿಳಿಯಲಾಗಿದೆ. ಒಳಗಿನ ಫಾರಂ ಕೀಬೋರ್ಡ್‌ಗೆ ಸ್ಪಂದಿಸದಿದ್ದರೆ ಆ ಸೌಲಭ್ಯ, ಕಚೇರಿಯ ಮುಂದೆ ಇಳಿಜಾರು ಕಟ್ಟಿಸಿ ಬಾಗಿಲಿಗೆ ಬೀಗ ಹಾಕಿದಂತೆ.

ವಿನ್ಯಾಸ ವ್ಯವಸ್ಥೆ ಎಂದರೆ ಬಟನ್, ಫಾರಂ, ದಿನಾಂಕದ ಚೌಕ, ತಪ್ಪಿನ ಸೂಚನೆ, ಕೋಷ್ಟಕ, ಬಣ್ಣ, ಅಕ್ಷರದ ಗಾತ್ರ ಇವುಗಳನ್ನು ಒಮ್ಮೆ ಸರಿಯಾಗಿ ಕಟ್ಟಿ, ಪರೀಕ್ಷಿಸಿ, ಕೋಡ್ ಸಮೇತ ಎಲ್ಲ ಇಲಾಖೆಗಳಿಗೂ ಕೊಡುವ ಏರ್ಪಾಡು. ದಿನಾಂಕದ ಚೌಕವನ್ನು ಒಂದು ಕಡೆ ಸರಿಪಡಿಸಿದರೆ ಅದನ್ನು ಬಳಸುವ ಎಲ್ಲ ಸೇವೆಗಳಿಗೂ ಆ ತಿದ್ದುಪಡಿ ತಲುಪುತ್ತದೆ. ಆದರೆ ಯಾರು ನಿರ್ಧರಿಸಬೇಕು, ಯಾರು ಪರೀಕ್ಷಿಸಬೇಕು, ಯಾರು ತಡೆಯಬಹುದು, ಯಾರು ಉತ್ತರ ಕೊಡಬೇಕು ಎಂಬುದು ಆದೇಶದಲ್ಲಿ ಬರೆದಿರದಿದ್ದರೆ ಆ ವ್ಯವಸ್ಥೆಯೂ ಇನ್ನೊಂದು ಕೈಪಿಡಿಯಾಗಿ ಉಳಿಯುತ್ತದೆ.

ಒಂದೇ ವ್ಯವಸ್ಥೆಯನ್ನು ಎಲ್ಲೆಡೆ ಕಡ್ಡಾಯಗೊಳಿಸುವ ದೃಢತೆ ಕರ್ನಾಟಕಕ್ಕೆ ಹೊಸದಲ್ಲ. ಭೂಮಿ ಯೋಜನೆಯಲ್ಲಿ ಪಹಣಿಯನ್ನು ಗಣಕೀಕರಿಸಿದಾಗ ಸರ್ಕಾರ ಇಬ್ಬಗೆಯ ದಾಖಲೆಗೆ ಅವಕಾಶ ಕೊಡಲಿಲ್ಲ. ತಾಲ್ಲೂಕಿನಿಂದ ತಾಲ್ಲೂಕಿಗೆ ಕೈಬರಹದ ಪಹಣಿಯ ಮಾನ್ಯತೆಯನ್ನು ನಿಲ್ಲಿಸಿ, ರಾಜ್ಯಕ್ಕೆಲ್ಲ ಒಂದೇ ನಮೂನೆಯನ್ನು ನೆಲೆಗೊಳಿಸಿತು. ಅದೇ ದೃಢತೆಯನ್ನು ನಾವು ಇಲ್ಲಿಯೂ ಕೇಳುತ್ತಿದ್ದೇವೆ.

ನಮ್ಮ ಬೇಡಿಕೆಗಳು

1. ಸರ್ಕಾರಿ ಆದೇಶ. ರಾಜ್ಯದ ಎಲ್ಲ ಇಲಾಖೆ, ನಿಗಮ, ಮಂಡಳಿ, ವಿಶ್ವವಿದ್ಯಾಲಯ ಮತ್ತು ಸ್ಥಳೀಯ ಸಂಸ್ಥೆಗಳ ಜಾಲತಾಣ, ಆ್ಯಪ್, ಕಿಯೋಸ್ಕ್‌ಗಳಿಗೆ ಏಕರೂಪದ ವಿನ್ಯಾಸ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿ 90 ದಿನಗಳೊಳಗೆ ಆದೇಶ ಹೊರಡಿಸಬೇಕು. ಐಎಸ್ 17802, ಜಿಐಜಿಡಬ್ಲ್ಯು 3.0 ಮತ್ತು ಡಬ್ಲ್ಯುಸಿಎಜಿ 2.2ರ ಎಎ ಹಂತವನ್ನು ಕನಿಷ್ಠ ಮಟ್ಟವೆಂದು ಅದರಲ್ಲಿ ನಮೂದಿಸಬೇಕು. ಎಲ್ಲವನ್ನೂ ಹೊಸದಾಗಿ ಕಟ್ಟುವ ಬದಲು ಯುಎಕ್ಸ್‌4ಜಿಯನ್ನು ತಳಹದಿಯಾಗಿ ಬಳಸಿ ಕನ್ನಡಕ್ಕೂ ರಾಜ್ಯದ ಸೇವೆಗಳಿಗೂ ಬೇಕಾದುದನ್ನು ಸೇರಿಸಬಹುದು.

2. ಅಧಿಕಾರವುಳ್ಳ ಮಂಡಳಿ. ತಮ್ಮ ಅಧ್ಯಕ್ಷತೆಯಲ್ಲಿ ವಿನ್ಯಾಸ ಆಡಳಿತ ಮಂಡಳಿ ರಚಿಸಿ, ಇ-ಆಡಳಿತ ಇಲಾಖೆಯಲ್ಲಿ ಅದಕ್ಕೆ ಕಾಯಂ ತಂತ್ರಜ್ಞರ ತಂಡ ಕೊಡಬೇಕು. ಸದಸ್ಯರಲ್ಲಿ ಕನಿಷ್ಠ ಮೂರನೇ ಒಂದು ಭಾಗ ವಿಕಲಚೇತನರೇ ಇರಬೇಕು, ಅವರಿಗೆ ಮತದ ಹಕ್ಕಿರಬೇಕು. ಪರೀಕ್ಷೆಯಲ್ಲಿ ವಿಫಲವಾದ ಸೇವೆಯ ಲೋಕಾರ್ಪಣೆಯನ್ನು ತಡೆಹಿಡಿಯುವ ಅಧಿಕಾರ ಮಂಡಳಿಗೆ ಇರಬೇಕು. ಸಭೆಯ ನಡಾವಳಿಗಳನ್ನು ಕನ್ನಡದಲ್ಲಿ ಪ್ರಕಟಿಸಬೇಕು.

3. ಕನ್ನಡ ಪುಟಕ್ಕೆ ಪೂರ್ಣ ಮಾನ್ಯತೆ. ಪ್ರತಿ ಘಟಕವನ್ನೂ ಮೊದಲು ಕನ್ನಡದಲ್ಲಿ ಪರೀಕ್ಷಿಸಬೇಕು. ಪುಟದ ಭಾಷೆಯನ್ನು ಕೋಡ್‌ನಲ್ಲಿ ಸರಿಯಾಗಿ ಘೋಷಿಸಬೇಕು. ಒತ್ತಕ್ಷರಗಳಿಗೆ ಸಾಕಾಗುವಷ್ಟು ಸಾಲಿನ ಅಂತರವಿರಬೇಕು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಬಣ್ಣದ ವ್ಯತ್ಯಾಸವಿರಬೇಕು. ಆದೇಶ, ಸುತ್ತೋಲೆಗಳೆಲ್ಲ ಯೂನಿಕೋಡ್ ಕನ್ನಡದಲ್ಲಿ, ಆಯ್ಕೆ ಮಾಡಿ ಓದಬಲ್ಲ ಪಠ್ಯವಾಗಿ ಪ್ರಕಟವಾಗಬೇಕು.

4. ದಾರಿ ಮುಚ್ಚುವ ವಿನ್ಯಾಸಗಳಿಗೆ ತಡೆ. ಚಿತ್ರದ ಕ್ಯಾಪ್ಚಾ ಒಂದನ್ನೇ ಇಡುವುದು, ಬಣ್ಣದಿಂದ ಮಾತ್ರ ತಪ್ಪು ತೋರಿಸುವುದು, ವಿಸ್ತರಿಸಲಾಗದ ಸಮಯಮಿತಿ, ಮೌಸ್ ಇಲ್ಲದೆ ತೆರೆಯದ ಕ್ಯಾಲೆಂಡರ್, ಕಣ್ಣು ಮಿಟುಕಿಸಿದರೆ ಮಾತ್ರ ಒಪ್ಪುವ ಗುರುತು ಪರಿಶೀಲನೆ ಇವನ್ನು ಹೆಸರಿಸಿ ನಿಷೇಧಿಸಬೇಕು. ಪ್ರತಿಯೊಂದಕ್ಕೂ ಬದಲಿ ಘಟಕವನ್ನು ಮಂಡಳಿಯೇ ಸಿದ್ಧಪಡಿಸಿ ಕೊಡಬೇಕು.

5. ಟೆಂಡರ್‌ನಲ್ಲೇ ಷರತ್ತು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರಡಿ ಕರೆಯುವ ಎಲ್ಲ ತಂತ್ರಾಂಶ ಟೆಂಡರ್‌ಗಳಲ್ಲಿ ವಿನ್ಯಾಸ ವ್ಯವಸ್ಥೆಯ ಬಳಕೆಯನ್ನು ಕಡ್ಡಾಯಗೊಳಿಸಬೇಕು. ಅಂತಿಮ ಕಂತಿನ ಪಾವತಿಗೆ ಮುನ್ನ ಸುಗಮ್ಯತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ನಿರ್ವಹಣಾ ಅವಧಿಯಲ್ಲಿ ಕಂಡುಬಂದ ದೋಷವನ್ನು ಹೆಚ್ಚುವರಿ ಹಣವಿಲ್ಲದೆ ಸರಿಪಡಿಸುವ ಹೊಣೆ ಏಜೆನ್ಸಿಯದಾಗಿರಬೇಕು.

6. ಬಳಕೆದಾರರಿಂದಲೇ ಪರೀಕ್ಷೆ. ಸ್ವಯಂಚಾಲಿತ ತಂತ್ರಾಂಶದ ವರದಿಯೊಂದೇ ಸಾಲದು. ಫಾರಂ ಚೌಕಕ್ಕೆ ಹೆಸರಿದೆಯೇ ಎಂದು ಅದು ಹೇಳಬಲ್ಲದು, ಆ ಹೆಸರು ಅರ್ಥವಾಗುತ್ತದೆಯೇ ಎಂದು ಹೇಳಲಾರದು. ಬಿಡಿ ಘಟಕಗಳೆಲ್ಲ ಸರಿಯಿದ್ದೂ ಇಡೀ ಅರ್ಜಿ ತುಂಬಲಾಗದಿರಬಹುದು. ಆದ್ದರಿಂದ ಲಾಗಿನ್‌ನಿಂದ ಸ್ವೀಕೃತಿಯವರೆಗೆ ಪೂರ್ಣ ಸೇವೆಯನ್ನು ಕೀಬೋರ್ಡ್, ಎನ್‌ವಿಡಿಎ ಮತ್ತು ಮೊಬೈಲ್‌ನ ಟಾಕ್‌ಬ್ಯಾಕ್ ಸ್ಕ್ರೀನ್ ರೀಡರ್ ಬಳಸಿ ಪರೀಕ್ಷಿಸಬೇಕು. ಬೇರೆ ಬೇರೆ ವೈಕಲ್ಯವುಳ್ಳವರನ್ನು ಗೌರವಧನ ಕೊಟ್ಟು ಪರೀಕ್ಷೆಗೆ ತೊಡಗಿಸಿಕೊಳ್ಳಬೇಕು. ಪರೀಕ್ಷೆ ಬೆಂಗಳೂರಿನಲ್ಲಷ್ಟೇ ಅಲ್ಲ, ಕಲಬುರಗಿ, ಚಾಮರಾಜನಗರದಂಥ ಜಿಲ್ಲೆಗಳಲ್ಲಿ, ಕಡಿಮೆ ಬೆಲೆಯ ಮೊಬೈಲ್‌ಗಳಲ್ಲಿಯೂ ನಡೆಯಬೇಕು.

7. ವಿನಾಯಿತಿಗೆ ಲಿಖಿತ ಕಾರಣ, ಗಡುವು. ಯಾವುದೇ ಇಲಾಖೆ ವಿನಾಯಿತಿ ಕೇಳಿದರೆ ಕಾರಣ, ಪರ್ಯಾಯ ವ್ಯವಸ್ಥೆ ಮತ್ತು ಸರಿಪಡಿಸುವ ದಿನಾಂಕವನ್ನು ಬರೆದು ಕೊಡಬೇಕು. ಆರು ತಿಂಗಳಿಗೆ ಮೀರಿ ವಿನಾಯಿತಿ ಇರಬಾರದು. ಅಂಥ ಸೇವೆಗಳ ಪಟ್ಟಿ ಸಾರ್ವಜನಿಕವಾಗಿರಬೇಕು.

8. ತಿದ್ದುಪಡಿಯ ಶಿಸ್ತು. ಪ್ರತಿ ಘಟಕಕ್ಕೂ ಆವೃತ್ತಿ ಸಂಖ್ಯೆ ಮತ್ತು ಬದಲಾವಣೆಯ ದಾಖಲೆ ಇರಬೇಕು. ಗಂಭೀರ ದೋಷದ ತಿದ್ದುಪಡಿ ಬಿಡುಗಡೆಯಾದ 30 ದಿನಗಳೊಳಗೆ ಎಲ್ಲ ಇಲಾಖೆಗಳೂ ಅದನ್ನು ಅಳವಡಿಸಿಕೊಳ್ಳಬೇಕು. ದೊಡ್ಡ ಬದಲಾವಣೆಯಾದಾಗಲೆಲ್ಲ ಮರುಪರೀಕ್ಷೆ ನಡೆಯಬೇಕು.

9. ಸುಗಮ್ಯತಾ ಹೇಳಿಕೆ ಮತ್ತು ದೂರು. ಬ್ರಿಟನ್ 2018ರ ನಿಯಮಾವಳಿಯ ಮೂಲಕ ಸಾರ್ವಜನಿಕ ಸಂಸ್ಥೆಗಳ ಜಾಲತಾಣಗಳಿಗೆ ಕಡ್ಡಾಯಗೊಳಿಸಿದಂತೆ, ಇಲ್ಲಿಯೂ ಪ್ರತಿ ಸೇವೆಯಲ್ಲಿ ಯಾವ ಭಾಗ ಇನ್ನೂ ಬಳಕೆಗೆ ಬರುವುದಿಲ್ಲ, ಯಾವಾಗ ಸರಿಹೋಗುತ್ತದೆ, ಯಾರನ್ನು ಕೇಳಬೇಕು ಎಂಬ ಹೇಳಿಕೆ ಇರಬೇಕು. ನಿಗದಿತ ದಿನಗಳೊಳಗೆ ಸೇವೆ ಒದಗಿಸಲೆಂದಿರುವ ಸಕಾಲ ವ್ಯವಸ್ಥೆ ಅರ್ಜಿ ಸ್ವೀಕೃತವಾದ ಮೇಲಿನ ದಿನಗಳನ್ನು ಎಣಿಸುತ್ತದೆ. ಕ್ಯಾಪ್ಚಾ ದಾಟಲಾಗದವರಿಗೆ ಸ್ವೀಕೃತಿ ಸಂಖ್ಯೆಯೇ ಸಿಗುವುದಿಲ್ಲ, ಅವರ ವಿಳಂಬ ಯಾವ ಲೆಕ್ಕಕ್ಕೂ ಬರುವುದಿಲ್ಲ. ಆದ್ದರಿಂದ ಅರ್ಜಿ ಸಲ್ಲಿಸಲಾಗದ ತೊಂದರೆಯನ್ನೇ ದೂರಾಗಿ ಸ್ವೀಕರಿಸಿ, ಸಂಖ್ಯೆ ಕೊಟ್ಟು, ಕಾಲಮಿತಿಯಲ್ಲಿ ಉತ್ತರಿಸಬೇಕು. ದೂರವಾಣಿ, ಎಸ್ಎಂಎಸ್, ಇಮೇಲ್ ಮತ್ತು ಭಾರತೀಯ ಸಂಜ್ಞಾ ಭಾಷೆಯ ವಿಡಿಯೊ ಕರೆ ಎಲ್ಲದರಿಂದಲೂ ದೂರು ಕೊಡಲು ಅವಕಾಶವಿರಬೇಕು.

10. ಈಗಿರುವ ಸೇವೆಗಳು. ಮಾಸಾಶನ, ವಿದ್ಯಾರ್ಥಿವೇತನ, ಪಡಿತರ, ಆರೋಗ್ಯ ಮತ್ತು ಪ್ರಮಾಣ ಪತ್ರಗಳ ಸೇವೆಗಳನ್ನು ಒಂದು ವರ್ಷದೊಳಗೆ, ಉಳಿದವನ್ನು ಎರಡು ವರ್ಷದೊಳಗೆ ಹೊಸ ವ್ಯವಸ್ಥೆಗೆ ತರಬೇಕು. ಅಲ್ಲಿಯವರೆಗೆ ವಿಕಲಚೇತನರ ಅರ್ಜಿಯನ್ನು ನಾಡಕಚೇರಿ ಮತ್ತು ಗ್ರಾಮ ಒನ್ ಕೇಂದ್ರಗಳಲ್ಲಿ ಶುಲ್ಕವಿಲ್ಲದೆ, ಆದ್ಯತೆಯ ಮೇಲೆ ಸ್ವೀಕರಿಸಬೇಕು. ಆನ್‌ಲೈನ್‌ನಲ್ಲೇ ಹಾಕಿ ಎಂದು ಯಾರನ್ನೂ ಹಿಂದಕ್ಕೆ ಕಳುಹಿಸಬಾರದು.

11. ಹಣ ಮತ್ತು ತರಬೇತಿ. ಇದಕ್ಕೆಂದೇ ಆಯವ್ಯಯದಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆ ಬೇಕು. ಇಲಾಖೆಗಳ ತಂತ್ರಜ್ಞರಿಗೂ, ಜಾಲತಾಣಕ್ಕೆ ಕಡತ ಏರಿಸುವ ಗುಮಾಸ್ತರಿಗೂ ವರ್ಷಕ್ಕೊಮ್ಮೆ ತರಬೇತಿ ನಡೆಯಬೇಕು. ಆ ತರಬೇತಿ ಕೊಡುವವರಲ್ಲಿ ವಿಕಲಚೇತನ ತಂತ್ರಜ್ಞರಿರಬೇಕು.

ಪ್ರಾರ್ಥನೆ

ಸ್ವಂತ ಅರ್ಜಿಯನ್ನು ಸ್ವಂತ ಕೈಯಿಂದ, ಗುಟ್ಟು ಕಾಪಾಡಿಕೊಂಡು, ಇತರರಷ್ಟೇ ಸಮಯದಲ್ಲಿ ಸಲ್ಲಿಸುವುದು ಪ್ರತಿಯೊಬ್ಬ ನಾಗರಿಕರ ಹಕ್ಕು. ಆ ಹಕ್ಕನ್ನು ನ್ಯಾಯಾಲಯ ಎತ್ತಿಹಿಡಿದಿದೆ. ಅದನ್ನು ದಿನಬಳಕೆಗೆ ತರುವ ಅಧಿಕಾರ ತಮ್ಮ ಕೈಯಲ್ಲಿದೆ. ಆದಕಾರಣ ಮೇಲಿನ ಬೇಡಿಕೆಗಳನ್ನು ಪರಿಶೀಲಿಸಿ, ಸಂಬಂಧಪಟ್ಟ ಇಲಾಖೆಗಳ ಮುಖ್ಯಸ್ಥರು, ವಿಕಲಚೇತನರ ರಾಜ್ಯ ಆಯುಕ್ತರು ಮತ್ತು ನಮ್ಮ ಪ್ರತಿನಿಧಿಗಳನ್ನು ಒಳಗೊಂಡ ಸಭೆಯನ್ನು 30 ದಿನಗಳೊಳಗೆ ಕರೆಯಬೇಕೆಂದೂ, ಪ್ರತಿ ಬೇಡಿಕೆಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇವೆ. ಪರೀಕ್ಷೆಗೆ, ತರಬೇತಿಗೆ, ಕರಡು ಸಿದ್ಧಪಡಿಸಲು ನಮ್ಮ ಅನುಭವವನ್ನೂ ಸಮಯವನ್ನೂ ಕೊಡಲು ನಾವು ಸಿದ್ಧರಿದ್ದೇವೆ.



ತಮ್ಮ ವಿಶ್ವಾಸಿಗಳು,
(ಸಹಿದಾರರ ಪಟ್ಟಿ ಲಗತ್ತಿಸಿದೆ)

ಸ್ಥಳ: ಬೆಂಗಳೂರು

ಪ್ರತಿಗಳು:
1. ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ (ಇ-ಆಡಳಿತ), ಕರ್ನಾಟಕ ಸರ್ಕಾರ
2. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ, ಕರ್ನಾಟಕ ಸರ್ಕಾರ
3. ವಿಕಲಚೇತನರ ರಾಜ್ಯ ಆಯುಕ್ತರು, ಬೆಂಗಳೂರು