ಗೊಜಿರಾ ಚಿತ್ರಮಾಲೆಯ ಜೀರ್ಣೋದ್ಧಾರ

ತಕಾಶಿ ಯಮಜಾಕಿಯವರ ಕೈಯಿಂದಲೇ ಮತ್ತೊಂದು ಗೊಜಿರಾ ಚಿತ್ರವನ್ನು ಮಾಡಿಸುವುದಾಗಿ ಜಪಾನಿನ ತೋಹೋ ಚಿತ್ರಸಂಸ್ಥೆಯವರು 2024ನೆಯ ಇಸವಿ ನವೆಂಬರಿನಲ್ಲಿ ಪ್ರಕಟಿಸಿದರು. ಲೋಕದಲ್ಲಿ ಇಷ್ಟೊಂದು ಕೋಟಲೆಗಳಿರುವಾಗ ಒಂದು ಚಲಚ್ಚಿತ್ರದ ವಿಚಾರಕ್ಕೆ ಈ ಸ್ತಂಭವನ್ನು ಮೀಸಲಿಡುವುದೇಕೆಂದು ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ಆದರೆ ಎಪ್ಪತ್ತು ವರ್ಷಗಳಿಂದ ಈ ಚಿತ್ರಮಾಲೆಯು ನಡೆದುಬಂದ ದಾರಿಯನ್ನು ನೋಡಿದರೆ, ಇದು ಬರಿಯ ವಿನೋದದ ವಿಚಾರವಲ್ಲವೆಂಬುದು ಮನವರಿಕೆಯಾಗುವುದು. ಒಂದು ಜನಾಂಗವು ತನ್ನ ದುಃಖವನ್ನು ಕಥೆಯಾಗಿ ಕಟ್ಟಿದ ಮೇಲೆ, ಆ ಕಥೆಯನ್ನು ತಿರುಗಿ ಹೇಳುವವರು ಯಾರು, ಹೇಳುವಾಗ ಅವರು ಉಳಿಸುವುದೇನು, ಬಿಡುವುದೇನು ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಕಥೆಯ ಹುಟ್ಟನ್ನು ನೋಡೋಣ. 1954ನೆಯ ಇಸವಿ ಮಾರ್ಚಿ 1ನೆಯ ತಾರೀಖಿನಂದು ಅಮೆರಿಕಾ ಸರಕಾರದವರು ಶಾಂತಸಾಗರದ ಬಿಕಿನಿ ಹವಳದ್ವೀಪದಲ್ಲಿ ಒಂದು ಜಲಜನಕ ಬಾಂಬನ್ನು ಸಿಡಿಸಿ ಪರೀಕ್ಷಿಸಿದರು. ಹಿರೋಷಿಮಾ ನಗರವನ್ನು ಸುಟ್ಟ ಬಾಂಬಿಗಿಂತ ಅದರ ಬಲವು ಸುಮಾರು ಸಾವಿರ ಮಡಿ ಹೆಚ್ಚಾಗಿದ್ದಿತು. ನಿಷೇಧಿತ ವಲಯದ ಹೊರಗೆ ಮೀನು ಹಿಡಿಯುತ್ತಿದ್ದ ಜಪಾನೀ ದೋಣಿಯೊಂದರ ಮೇಲೆ ವಿಷದ ಬೂದಿ ಸುರಿಯಿತು. ಆ ದೋಣಿಯ ಹೆಸರಿಗೆ 'ಅದೃಷ್ಟದ ಡ್ರ್ಯಾಗನ್' ಎಂದರ್ಥವಿದ್ದುದು ವಿಧಿಯ ವಿಡಂಬನೆಯೇ ಸರಿ. ಅದರಲ್ಲಿದ್ದ 23 ಮಂದಿಯೂ ರೋಗಕ್ಕೀಡಾದರು. ತಂತಿರಹಿತ ವಾರ್ತಾಯಂತ್ರವನ್ನು ನೋಡಿಕೊಳ್ಳುತ್ತಿದ್ದವರು ಸೆಪ್ಟೆಂಬರಿನಲ್ಲಿ ಅಸುನೀಗಿದರು. ಅದೇ ವರ್ಷ ನವೆಂಬರ್ 3ನೆಯ ತಾರೀಖು ಇಶಿರೋ ಹೋಂಡಾ ಅವರ 'ಗೊಜಿರಾ' ಚಿತ್ರವು ತೆರೆಗೆ ಬಂದಿತು. ಸಮುದ್ರದ ನಡುವೆ ಕಣ್ಣು ಕುಕ್ಕುವ ಬೆಳಕು, ಉರಿದುಹೋಗುವ ಒಂದು ಹಡಗು: ಚಿತ್ರದ ಆರಂಭವೇ ಇದು. ನೋಡಿದ ಜಪಾನೀಯರಿಗೆ ವ್ಯಾಖ್ಯಾನವೇ ಬೇಕಾಗಿರಲಿಲ್ಲ.

ಹೋಂಡಾ ಅವರು ಯುದ್ಧದಲ್ಲಿ ಸಿಪಾಯಿಯಾಗಿದ್ದು, ಊರಿಗೆ ಮರಳುವಾಗ ಹಿರೋಷಿಮಾದ ಹಾಳನ್ನು ಕಣ್ಣಾರೆ ಕಂಡವರು. ಬಾಂಬಿನ ಪರೀಕ್ಷೆಯಿಂದ ಕಡಲ ತಳದಲ್ಲಿ ಎಚ್ಚತ್ತ ಪುರಾತನ ಪ್ರಾಣಿಯೊಂದು ತೋಕಿಯೋ ನಗರವನ್ನು ಸುಡುವುದು ಅವರ ಕಥೆ. ರಬ್ಬರಿನ ವೇಷವನ್ನು ತೊಟ್ಟ ನಟನೊಬ್ಬನು, ಐಜಿ ತ್ಸುಬುರಾಯಾ ಅವರು ಕಟ್ಟಿಸಿದ ಆಟಿಗೆಯಂತಹ ನಗರವನ್ನು ತುಳಿಯುತ್ತ ನಡೆದನು. ಸಾಧನಗಳು ಇಷ್ಟೇ. ಆದರೂ ಗಾಯಾಳುಗಳಿಂದ ತುಂಬಿದ ಆಸ್ಪತ್ರೆಯ ನೋಟವು ಕಟ್ಟುಕಥೆಯೆಂದು ಯಾರಿಗೂ ತೋರಲಿಲ್ಲ. ಕಡೆಯಲ್ಲಿ ಆ ಪ್ರಾಣಿಯನ್ನು ಕೊಲ್ಲಬಲ್ಲ ಅಸ್ತ್ರವನ್ನು ಕಂಡುಹಿಡಿದ ವಿಜ್ಞಾನಿಯು, ತನ್ನ ವಿದ್ಯೆಯು ರಾಜಕಾರಣಿಗಳ ಕೈಗೆ ಸಿಕ್ಕಬಾರದೆಂದು ಕಾಗದಪತ್ರಗಳನ್ನು ಸುಟ್ಟು, ತಾನೂ ಗೊಜಿರಾನೊಡನೆ ಸಾಯುತ್ತಾನೆ. ಸುಮಾರು 96 ಲಕ್ಷ ಮಂದಿ ಜಪಾನೀಯರು ಈ ಚಿತ್ರವನ್ನು ನೋಡಿದರು.

ಅನಂತರ ಆದುದು ವ್ಯಾಪಾರದ ಸಾಮಾನ್ಯ ಧರ್ಮ. ಭಯಂಕರನಾದ ಗೊಜಿರಾ ಬರಬರುತ್ತ ಮಕ್ಕಳ ಗೆಳೆಯನಾದನು. ಬೇರೆ ಮೃಗಗಳೊಡನೆ ಕುಸ್ತಿ ಹಿಡಿದನು. 1975ರ ಚಿತ್ರಕ್ಕೆ ಬಂದವರು 10 ಲಕ್ಷಕ್ಕೂ ಕಡಮೆ. ಒಂಬತ್ತು ವರ್ಷ ಸುಮ್ಮನಿದ್ದ ತೋಹೋ ಸಂಸ್ಥೆಯವರು 1984ರಲ್ಲಿ, ನಡುವಿನ ಕಥೆಗಳನ್ನೆಲ್ಲ ಇಲ್ಲವೆಂದೆಣಿಸಿ, ಮೊದಲನೆಯ ಚಿತ್ರಕ್ಕೇ ಗಂಟು ಹಾಕಿ ಹೊಸದಾಗಿ ಆರಂಭಿಸಿದರು. ಈ ಪದ್ಧತಿಗೆ ಇಂದಿನವರು 'ರೀಬೂಟ್' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಇದನ್ನು ಜೀರ್ಣೋದ್ಧಾರವೆನ್ನಬಹುದು.

ಹಳೆಯ ಕಥೆಯನ್ನು ಹೊಸದಾಗಿ ಹೇಳುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಪಂಪನು ಹೇಳಿದ ಭಾರತವನ್ನು ರನ್ನನು ಬೇರೆ ರೀತಿಯಲ್ಲಿ ಹೇಳಿದನು. ಕುಮಾರವ್ಯಾಸನು ಮತ್ತೊಂದು ರೀತಿಯಲ್ಲಿ ಹೇಳಿದನು. ಕನ್ನಡಿಗರಿಗೆ ಅದರಿಂದ ಲಾಭವೇ ಹೊರತು ನಷ್ಟವಾಗಲಿಲ್ಲ. ಆದರೆ ಗುಡಿಯ ಗೋಡೆಯನ್ನು ಹೊಸದಾಗಿ ಕಟ್ಟುವುದು ಬೇರೆ, ಗರ್ಭಗುಡಿಯ ಮೂರ್ತಿಯನ್ನು ಸಾಗಿಸಿಬಿಡುವುದು ಬೇರೆ. ಅಮೆರಿಕಾ ದೇಶದಲ್ಲಿ ಗೊಜಿರಾನಿಗೆ ಆದುದು ಎರಡನೆಯದು.

1956ರಲ್ಲಿ ಅಲ್ಲಿಯ ವ್ಯಾಪಾರಿಗಳು ಮೂಲ ಚಿತ್ರವನ್ನು ಕತ್ತರಿಸಿ, ಅಮೆರಿಕನ್ ಪತ್ರಿಕಾ ಬಾತ್ಮೀದಾರನೊಬ್ಬನ ಪಾತ್ರವನ್ನು ಸೇರಿಸಿ ಪ್ರದರ್ಶಿಸಿದರು. ನಾಗಸಾಕಿಯ ಬಾಂಬಿನಿಂದ ಪಾರಾಗಿ ಬಂದೆನೆಂದು ರೈಲಿನಲ್ಲಿ ಒಬ್ಬ ಹೆಂಗಸು ಆಡುವ ಮಾತು ಅದರಲ್ಲಿ ಉಳಿಯಲಿಲ್ಲ. ಪರೀಕ್ಷೆಗಳು ನಿಲ್ಲದಿದ್ದರೆ ಮತ್ತೊಬ್ಬ ಗೊಜಿರಾ ಹುಟ್ಟಿಯಾನೆಂಬ ಕಡೆಯ ಎಚ್ಚರಿಕೆಯೂ ಉಳಿಯಲಿಲ್ಲ. 1984ರ ಜಪಾನೀ ಚಿತ್ರದಲ್ಲಿ ಸೋವಿಯತ್ ಅಧಿಕಾರಿಯೊಬ್ಬನು ಅಣ್ವಸ್ತ್ರದ ಪ್ರಯೋಗವನ್ನು ತಡೆಯಲು ಹೆಣಗಿ ಸಾಯುತ್ತಾನೆ; ಮರುವರ್ಷ ಅಮೆರಿಕಾದಲ್ಲಿ ತೋರಿಸಿದ ಪ್ರತಿಯಲ್ಲಿ ಅವನೇ ಬೇಕೆಂದು ಅಸ್ತ್ರವನ್ನು ಬಿಡುವಂತೆ ತಿದ್ದಲಾಯಿತು. 1998ರಲ್ಲಿ ಹಾಲಿವುಡ್ಡಿನವರು ತಾವೇ ಮಾಡಿದ ಚಿತ್ರದಲ್ಲಿ ಪ್ರಾಣಿಯ ಹುಟ್ಟಿಗೆ ಫ್ರೆಂಚರ ಬಾಂಬಿನ ಪರೀಕ್ಷೆಯು ಕಾರಣವಾಯಿತು. 2014ರ ಚಿತ್ರವು ಇವೆಲ್ಲವನ್ನೂ ಮೀರಿಸಿತು. 1954ರ ಆಸ್ಫೋಟವು ಪರೀಕ್ಷೆಯೇ ಅಲ್ಲವಂತೆ. ಗೊಜಿರಾನನ್ನು ಕೊಲ್ಲಲು ಮಾಡಿದ ಪ್ರಯತ್ನವಂತೆ! ಮೀನುಗಾರರ ಮೇಲೆ ಬೂದಿ ಸುರಿಸಿದ ಬಾಂಬು ಹೀಗೆ ಲೋಕರಕ್ಷಣೆಯ ಸಾಧನವಾಗಿ ಪರಿಣಮಿಸಿತು. ನಾಲ್ಕು ಸಲವೂ ತಿದ್ದಿದವರು ಬೇರೆ ಬೇರೆ; ತಿದ್ದುಪಡಿಯ ದಿಕ್ಕು ಮಾತ್ರ ಒಂದೇ. ಮೃಗದ ಆಕಾರವು ಉಳಿಯಿತು, ಅದು ಹೊತ್ತು ತಂದ ಆರೋಪವು ಅಳಿಯಿತು.

ಇದನ್ನು ಪಿತೂರಿಯೆಂದು ಕರೆಯಲು ನಾವು ಸಿದ್ಧರಿಲ್ಲ. ತನ್ನ ಊರಿನ ಪ್ರೇಕ್ಷಕನು ಎದ್ದು ಹೋಗದಂತೆ ನೋಡಿಕೊಳ್ಳುವುದು ವ್ಯಾಪಾರಿಯ ಸ್ವಭಾವ. ಅಲ್ಲದೆ ಹಣವನ್ನು ಎಣಿಸಿಕೊಂಡು ಹಕ್ಕನ್ನು ಮಾರಿದವರು ಜಪಾನೀಯರೇ ಎಂಬುದನ್ನೂ ಮರೆಯಕೂಡದು. 1998ರ ಅಮೆರಿಕನ್ ಪ್ರಾಣಿಯನ್ನು ತೋಹೋ ಸಂಸ್ಥೆಯವರು 2004ರಲ್ಲಿ ತಮ್ಮ ಚಿತ್ರದೊಳಕ್ಕೆ ತಂದು, ಆಂಗ್ಲ ಹೆಸರಿನೊಳಗಿನ ದೇವಶಬ್ದವನ್ನು ಕಿತ್ತು 'ಜಿಲ್ಲಾ' ಎಂದು ಕರೆದು, ಕ್ಷಣಮಾತ್ರದಲ್ಲಿ ಕೊಲ್ಲಿಸಿದರು. ಈ ಪರಿಹಾಸದಿಂದ ಸೇಡು ತೀರಿರಬಹುದು. ಕಳೆದುಹೋದ ಅರ್ಥವು ತಿರುಗಿ ಬರಲಿಲ್ಲ.

ಅರ್ಥವು ತಿರುಗಿ ಬಂದುದು 2016ರಲ್ಲಿ. 2011ರ ಮಾರ್ಚಿ 11ನೆಯ ತಾರೀಖಿನ ಭೂಕಂಪ, ಕಡಲುಬ್ಬರ, ಫುಕುಶಿಮಾ ಅಣುವಿದ್ಯುತ್ ಕೇಂದ್ರದ ಅನಾಹುತ ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹಿದೆಯಾಕಿ ಅನ್ನೋ ಮತ್ತು ಶಿಂಜಿ ಹಿಗುಚಿಯವರು 'ಶಿನ್ ಗೊಜಿರಾ' ಚಿತ್ರವನ್ನು ರಚಿಸಿದರು. ಮೃಗವು ಕೊಲ್ಲಿಯಿಂದ ಮೇಲೇರಿ ಬೀದಿಗಳನ್ನು ಕೆಡವುತ್ತಿರುವಾಗ, ಮಂತ್ರಿಗಳೂ ಕಾರ್ಯದರ್ಶಿಗಳೂ ಒಂದು ಸಭೆಯಿಂದೆದ್ದು ಇನ್ನೊಂದು ಸಭೆಗೆ ಹೋಗುತ್ತಾರೆ. ಯಾವ ಕಾನೂನಿನ ಯಾವ ಕಲಮಿನ ಮೇರೆಗೆ ಗುಂಡು ಹಾರಿಸಬಹುದೆಂದು ಚರ್ಚಿಸುತ್ತಾರೆ. ಕಚೇರಿಗಳಲ್ಲಿ ಕಡತಗಳ ಪ್ರಯಾಣವನ್ನು ಬಲ್ಲ ನಮ್ಮ ವಾಚಕರಿಗೆ ಈ ನೋಟವು ನಗೆಯನ್ನೂ ಸಂಕಟವನ್ನೂ ಒಟ್ಟಿಗೆ ತರುವುದರಲ್ಲಿ ಸಂದೇಹವಿಲ್ಲ. ಜಪಾನಿನ ಅಕಾಡೆಮಿಯು ಅದನ್ನೇ ಆ ವರ್ಷದ ಶ್ರೇಷ್ಠ ಚಿತ್ರವೆಂದು ಗೌರವಿಸಿತು.

2023ರಲ್ಲಿ ಬಂದ ಯಮಜಾಕಿಯವರ 'ಗಾಡ್ಜಿಲ್ಲಾ ಮೈನಸ್ ಒನ್' ಇನ್ನೂ ಹಿಂದಕ್ಕೆ, ಸೋತು ಬೂದಿಯಾದ ಜಪಾನಿಗೆ ಹೋಗುತ್ತದೆ. ಆತ್ಮಾಹುತಿಗೆ ನೇಮಿಸಲ್ಪಟ್ಟು, ಯಂತ್ರ ಕೆಟ್ಟಿತೆಂದು ಸುಳ್ಳು ಹೇಳಿ ಬದುಕುಳಿದ ವಿಮಾನಚಾಲಕನು ಇದರ ನಾಯಕ. ಬಿಕಿನಿಯ ಬಾಂಬು ಇಲ್ಲಿ ತನ್ನ ಸ್ಥಾನಕ್ಕೆ ಮರಳಿದೆ. ಸರಕಾರವು ಕೈಚೆಲ್ಲಿದಾಗ ಕೆಲಸವಿಲ್ಲದ ನಾವಿಕರು ತಾವಾಗಿ ಕೂಡಿ ಮೃಗವನ್ನು ಎದುರಿಸುತ್ತಾರೆ. ಪ್ರಾಣವನ್ನು ಅಗ್ಗವಾಗಿ ಕಂಡ ಹಳೆಯ ಆಳ್ವಿಕೆಯನ್ನು ಬಾಯಿಬಿಟ್ಟು ಖಂಡಿಸುತ್ತಾರೆ. ವೆಚ್ಚವು ಒಂದೂವರೆ ಕೋಟಿ ಡಾಲರಿಗೂ ಕಡಮೆ. ದೃಶ್ಯಚಮತ್ಕಾರಗಳನ್ನು ರಚಿಸಿದವರು 35 ಮಂದಿ. ಇದರ ಅನೇಕ ಪಾಲು ಹಣವನ್ನು ಸುರಿದ ಚಿತ್ರಗಳ ನಡುವೆ 2024ರ ಆಸ್ಕರ್ ಪಾರಿತೋಷಕವು ಆ ವಿಭಾಗದಲ್ಲಿ ಇವರಿಗೇ ಸಂದಿತು. ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ಅಮೆರಿಕಾದ ಚಿತ್ರಗಳೇ ಮುಂದಿವೆ, ನಿಜ. ಆದರೆ ನೋಡುವವರ ಕಣ್ಣಲ್ಲಿ ನೀರು ತರಿಸುವುದು ಯಾವುದೆಂದು ಕೇಳಿದರೆ ಉತ್ತರವು ಬೇರೆಯಾಗುತ್ತದೆ.

ಇಷ್ಟು ಹೊಗಳಿದ ಮೇಲೆ ಒಂದು ಮಾತನ್ನು ಹೇಳದೆ ಬಿಟ್ಟರೆ ನ್ಯಾಯವಾಗದು. ಜಪಾನಿನ ಆಳ್ವಿಕೆಯು ಜಪಾನೀಯರಿಗೆ ಮಾಡಿದ ದ್ರೋಹವನ್ನು ಈ ಚಿತ್ರವು ತೋರಿಸುತ್ತದೆ. ಅದೇ ಸೈನ್ಯದಿಂದ ಚೀನಾ, ಕೊರಿಯಾ ದೇಶಗಳ ಜನರು ಪಟ್ಟ ಪಾಡಿನ ಬಗ್ಗೆ ಮೌನವಾಗಿದೆ. ಅಮೆರಿಕನ್ನರು ತಮ್ಮ ಬಾಂಬನ್ನು ಮರೆಸಿದರೆಂದು ಆಕ್ಷೇಪಿಸುವವರು, ತಮ್ಮ ಕತ್ತಿಯನ್ನೂ ನೆನೆಯಬೇಡವೆ? ದೇಶಾಭಿಮಾನವು ತನ್ನ ಗಾಯವನ್ನು ಮಾತ್ರ ಎಣಿಸಿ, ತಾನು ಮಾಡಿದ ಗಾಯವನ್ನು ಮರೆತರೆ ಅರ್ಧ ಸತ್ಯವಾಗುತ್ತದೆ.

ಯಮಜಾಕಿಯವರ ಮೇಲೆ ಬಿದ್ದಿರುವ ಹೊಣೆ ಇದೇ ಎಂದು ನಾವು ಭಾವಿಸುತ್ತೇವೆ. ಗೊಜಿರಾನನ್ನು ಎಷ್ಟು ದೊಡ್ಡವನನ್ನಾಗಿ ತೋರಿಸಿದರೆಂಬುದು ಮುಖ್ಯವಲ್ಲ. ಅವನನ್ನು ಎಬ್ಬಿಸಿದವರು ಯಾರೆಂಬುದನ್ನು ಧೈರ್ಯವಾಗಿ ಹೇಳಿದರೆ ಎಂಬುದೇ ಮುಖ್ಯ. ಚಿತ್ರದ ಹಕ್ಕನ್ನು ಕರಾರುಪತ್ರದ ಮೂಲಕ ಕೊಳ್ಳಬಹುದು, ಮಾರಬಹುದು. ಆ ದೋಣಿಯ 23 ಮಂದಿಯ ನೆನಪನ್ನು ಮಾರುವ ಅಧಿಕಾರವು ಯಾರಿಗೂ ಇಲ್ಲ.