ಪಾಸ್‌ವರ್ಡ್ ಕೈಯಲ್ಲಿರುವವರಿಗೆ ನಿಯಮ ಯಾವುದು?

ಮಂಗಳೂರಿನ ಜೆಪ್ಪುವಿನ ಸೇಂಟ್ ಜೆರೋಸಾ ಶಾಲೆಯ ಪ್ರಕರಣವನ್ನು ವಿಚಾರಿಸಿ ವರದಿ ಕೊಡಿ ಎಂದು 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಳಿಸಿದ್ದು ನಮ್ಮ ಕಲಬುರಗಿಯಲ್ಲಿದ್ದ ಶಿಕ್ಷಣ ಇಲಾಖೆಯ ಅಪರ ಆಯುಕ್ತರನ್ನು. ಅವರು ಅಲ್ಲಿಗೆ ತಲುಪುವ ಹೊತ್ತಿಗೆ ತೀರ್ಪು ಹೊರಬಿದ್ದಾಗಿತ್ತು. ಟ್ಯಾಗೋರರ ಕವಿತೆಯ ಪಾಠ ಮಾಡುತ್ತ ಶಿಕ್ಷಕಿಯೊಬ್ಬರು ಹಿಂದೂ ದೇವರನ್ನು ಹೀಯಾಳಿಸಿದರು ಎಂಬ ಧ್ವನಿ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಊರೆಲ್ಲ ಸುತ್ತಿತು. ಶಾಸಕರು ಶಾಲೆಯ ಗೇಟಿಗೆ ಬಂದರು, ಘೋಷಣೆಗಳು ಮೊಳಗಿದವು. ಫೆಬ್ರುವರಿ 12ರಂದು ಆಡಳಿತ ಮಂಡಳಿ ಆ ಶಿಕ್ಷಕಿಯನ್ನು ಕೆಲಸದಿಂದ ತೆಗೆಯಿತು. ವಿಚಾರಣೆ ಆಮೇಲೆ ಬಂತು. ಅರವತ್ತು ವರ್ಷ ಬಾಳಿದ ಕ್ಯಾಥೊಲಿಕ್ ಶಾಲೆಯೊಂದು ಒಂದು ಧ್ವನಿ ಸಂದೇಶದ ಮುಂದೆ ಹೀಗೆ ಮಣಿಯಿತು.

ಈ ಪ್ರಕರಣದಲ್ಲಿ ಆ ಶಿಕ್ಷಕಿ ಕಂಪ್ಯೂಟರ್ ಮುಟ್ಟಿರಲಿಲ್ಲ, ಇಂಟರ್ನೆಟ್ ದುರುಪಯೋಗ ಮಾಡಿಕೊಂಡಿರಲಿಲ್ಲ. ಅವರ ಮೇಲಿದ್ದ ಆರೋಪ ತರಗತಿಯ ಮಾತಿನದು. ಆದರೂ ಆಗ ನಮ್ಮ ಕ್ಯಾಥೊಲಿಕ್ ಸಂಸ್ಥೆಗಳಲ್ಲಿ ಹುಟ್ಟಿದ ಭಯ ಕಾಗದಕ್ಕಿಳಿದದ್ದು ಕಂಪ್ಯೂಟರ್ ಮತ್ತು ಇಂಟರ್ನೆಟ್ ಬಳಕೆಯ ಕಟ್ಟಳೆಗಳ ರೂಪದಲ್ಲಿ. ಅಮೆರಿಕ, ಆಸ್ಟ್ರೇಲಿಯಾಗಳ ಧರ್ಮಪ್ರಾಂತ್ಯಗಳಲ್ಲಿ ಇಂಥ ನಿಯಮಾವಳಿ ಹಳೆಯದು. ಇಲ್ಲಿ ಅದು ಮುಚ್ಚಳಿಕೆಯಾಗಿ ಬರುತ್ತದೆ. ಕೆಲಸದ ಹೊತ್ತಿನಲ್ಲಿ ಫೇಸ್‌ಬುಕ್ ತೆರೆಯಬಾರದು, ಹೊರಗಿನ ಪೆನ್‌ಡ್ರೈವ್ ಹಾಕಬಾರದು, ಅಶ್ಲೀಲ ತಾಣಗಳನ್ನು ನೋಡಬಾರದು, ಸಂಸ್ಥೆಯ ಹೆಸರಿಗೆ ಕಳಂಕ ತರುವುದನ್ನು ಎಲ್ಲಿಯೂ ಬರೆಯಬಾರದು, ನಿಮ್ಮ ಮೇಲ್ ಮತ್ತು ಕಂಪ್ಯೂಟರನ್ನು ಆಡಳಿತ ಯಾವಾಗ ಬೇಕಾದರೂ ತೆರೆದು ನೋಡಬಹುದು. ಕೆಳಗೆ ಸಹಿ.

ಸಹಿ ಹಾಕುವವರು ಯಾರು? ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ ಕಡಗಂಚಿ ಸಿಗುತ್ತದೆ. ದತ್ತ ಭಕ್ತರಿಗೆ ಅದು ಗುರುಚರಿತ್ರೆಯ ಸರಸ್ವತಿ ಗಂಗಾಧರರ ಊರು. ಈಗಿನ ಹುಡುಗ ಹುಡುಗಿಯರಿಗೆ ಅದು ಕೇಂದ್ರೀಯ ವಿಶ್ವವಿದ್ಯಾಲಯದ ಊರು. 2009ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯಕ್ಕೂ ಸುತ್ತಲಿನ ಕಾಲೇಜುಗಳಿಗೂ ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ ಬೆಳೆಯುವ ಮನೆಗಳಿಂದ ಮಕ್ಕಳು ಬರುತ್ತಾರೆ. ಪದವಿ ಮುಗಿಸಿದ ಮೇಲೆ ಸರ್ಕಾರಿ ನೌಕರಿಯ ದಾರಿ ಕಾಯುತ್ತ ಅವರಲ್ಲಿ ಅನೇಕರು ಸೇರುವುದು ಖಾಸಗಿ ಶಾಲೆಗೆ, ಆಸ್ಪತ್ರೆಗೆ, ಇಲ್ಲವೆ ಸಮಾಜಸೇವಾ ಸಂಸ್ಥೆಗೆ; ಕಂಪ್ಯೂಟರ್ ಆಪರೇಟರ್ ಆಗಿಯೋ ಶಿಕ್ಷಕಿಯಾಗಿಯೋ. ಕ್ಯಾಥೊಲಿಕ್ ಸಂಸ್ಥೆಗಳಲ್ಲಿ ದುಡಿಯುವ ಇವರಲ್ಲಿ ಬಹಳ ಮಂದಿ ಕ್ಯಾಥೊಲಿಕರಲ್ಲ. ಆ ಮುಚ್ಚಳಿಕೆಗೆ ಸಹಿ ಹಾಕುವವರು ಇವರು. ಸಹಿ ಹಾಕಿಸಿಕೊಳ್ಳುವವರಿಗೆ ಅದರಲ್ಲಿ ಒಂದು ಸಾಲೂ ಇಲ್ಲ ಎಂಬುದೇ ನನ್ನ ತಕರಾರು.

ನಿಯಮವೇ ಬೇಡ ಎಂದು ನಾನು ಹೇಳುತ್ತಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ಅಶ್ಲೀಲ ಚಿತ್ರ ನೋಡುವವನಿಗೆ ಆ ಶಾಲೆಯಲ್ಲಿ ಜಾಗ ಇರಬಾರದು. ಮಕ್ಕಳ ವಿಷಯದಲ್ಲಂತೂ ರಾಜಿಯೇ ಇಲ್ಲ. 2019ರ ಡಿಸೆಂಬರ್ 17ರಂದು ಪೋಪ್ ಫ್ರಾನ್ಸಿಸ್ ಹೊರಡಿಸಿದ ಆದೇಶಗಳು ಹದಿನೆಂಟು ವರ್ಷದೊಳಗಿನ ಯಾರ ಅಶ್ಲೀಲ ಚಿತ್ರವನ್ನೂ ಪಾದ್ರಿಯೊಬ್ಬ ಇಟ್ಟುಕೊಳ್ಳುವುದನ್ನು ಘೋರ ಅಪರಾಧಗಳ ಸಾಲಿಗೆ ಸೇರಿಸಿದವು. ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳ ಮೇಲಿದ್ದ ‘ಪೊಂಟಿಫಿಕಲ್ ರಹಸ್ಯ’ದ ಮುಸುಕನ್ನು ತೆಗೆದವು. ಅಲ್ಲಿ ನಿಯಮ ಮೊದಲು ತಡೆದದ್ದು ಮೇಲೆ ಕೂತವರನ್ನು, ಬಾಯಿ ಬಿಡಿಸಿದ್ದು ಕೆಳಗಿದ್ದವರದು. ನಮ್ಮ ಮುಚ್ಚಳಿಕೆ ಇದಕ್ಕೆ ತದ್ವಿರುದ್ಧ.

‘ಸಂಸ್ಥೆಯ ಹೆಸರಿಗೆ ಕಳಂಕ’ ಎಂಬ ಸಾಲನ್ನೇ ನೋಡಿ. ಕಳಂಕ ಯಾವುದು ಎಂದು ತೀರ್ಮಾನಿಸುವವರು ಯಾರು? ಸಂಬಳ ಎರಡು ತಿಂಗಳು ತಡವಾಯಿತು ಎಂದು ಶಿಕ್ಷಕರ ಗುಂಪಿನಲ್ಲಿ ಬರೆದರೆ ಅದು ಕಳಂಕವೋ, ಸತ್ಯವೋ? ಕೇರಳದಲ್ಲಿ 2019ರಲ್ಲಿ ಸಿಸ್ಟರ್ ಲೂಸಿ ಕಳಪ್ಪುರ ಅವರನ್ನು ಅವರ ಧರ್ಮಸಂಘ ಹೊರಹಾಕಿದಾಗ ಆರೋಪಗಳ ಪಟ್ಟಿಯಲ್ಲಿ ಫೇಸ್‌ಬುಕ್ ಬರಹಗಳೂ ಟಿವಿ ಚರ್ಚೆಗಳೂ ಇದ್ದವು. ಅತ್ಯಾಚಾರದ ಆರೋಪ ಹೊತ್ತಿದ್ದ ಬಿಷಪರ ವಿರುದ್ಧ ಧರಣಿ ಕೂತ ಕನ್ಯಾಸ್ತ್ರೀಯರ ಪಕ್ಕ ಹೋಗಿ ನಿಂತವರು ಅವರು. ಆ ಧರ್ಮಸಂಘದ ವಾದ ಏನೇ ಇರಲಿ, ಕೇರಳದಿಂದ ನಮ್ಮ ಭಾಗಕ್ಕೆ ಸೇವೆಗೆ ಬಂದ ಎಳೆಯ ಸಿಸ್ಟರ್‌ಗಳು ಅದರಿಂದ ಕಲಿತ ಪಾಠವೇನೆಂದು ಬಿಡಿಸಿ ಹೇಳಬೇಕಿಲ್ಲ.

ವಿಧೇಯತೆಯ ವ್ರತ ತೊಟ್ಟವರಿಗೆ ಖಾಸಗಿತನ ಎಲ್ಲಿಯದು ಎಂದು ಕೇಳುವ ಹಿರಿಯರಿದ್ದಾರೆ. ಅವರು ತಮ್ಮದೇ ಕಾನೂನನ್ನು ತೆರೆದು ನೋಡಲಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 220ನೇ ಕ್ಯಾನನ್, ಯಾರ ಮಾನವನ್ನೂ ಅಕ್ರಮವಾಗಿ ಕಳೆಯಬಾರದು, ತನ್ನ ಖಾಸಗಿತನವನ್ನು ಕಾಪಾಡಿಕೊಳ್ಳುವ ಯಾರ ಹಕ್ಕಿಗೂ ಧಕ್ಕೆ ತರಬಾರದು ಎನ್ನುತ್ತದೆ. 630ನೇ ಕ್ಯಾನನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂತರಂಗವನ್ನು ತಮ್ಮ ಮುಂದೆ ತೆರೆದಿಡುವಂತೆ ಸದಸ್ಯರನ್ನು ಯಾವ ರೀತಿಯಲ್ಲೂ ಪ್ರೇರೇಪಿಸಕೂಡದು ಎಂದು ಧರ್ಮಸಂಘದ ಮೇಲಧಿಕಾರಿಗಳಾದ ಸುಪೀರಿಯರ್‌ಗಳನ್ನೇ ಕಟ್ಟಿಹಾಕುತ್ತದೆ. ಇವತ್ತು ಒಬ್ಬ ಹೆಣ್ಣುಮಗಳ ಅಂತರಂಗದ ಅರ್ಧ ಭಾಗ ಅವಳ ಮೊಬೈಲಿನಲ್ಲಿದೆ. ತಾಯಿಗೆ ಕಳಿಸಿದ ಮಾತು, ಡಾಕ್ಟರಿಗೆ ತೋರಿಸಿದ ರಿಪೋರ್ಟು, ಇನ್ನೊಂದು ಕಾನ್ವೆಂಟಿನಲ್ಲಿರುವ ಗೆಳತಿಯ ಹತ್ತಿರ ತೋಡಿಕೊಂಡ ದುಃಖ. ಮನಸ್ಸನ್ನು ತೆರೆ ಎನ್ನಲು ಅಧಿಕಾರವಿಲ್ಲದ ಸುಪೀರಿಯರ್‌ಗೆ ಫೋನನ್ನು ತೆರೆ ಎನ್ನುವ ಅಧಿಕಾರ ಯಾವ ಕ್ಯಾನನ್ನಿನಿಂದ ಬಂತು?

ನೈತಿಕತೆಯ ಹೆಸರಿನ ಕಣ್ಗಾವಲು ಎಲ್ಲಿಗೆ ಮುಟ್ಟುತ್ತದೆ ಎಂಬುದು 2021ರ ಜುಲೈನಲ್ಲಿ ಅಮೆರಿಕದಲ್ಲಿ ಕಂಡಿತು. ಡೇಟಿಂಗ್ ಆ್ಯಪ್ ಒಂದರ ಮಾಹಿತಿ ಮಾರುಕಟ್ಟೆಯಲ್ಲಿ ಬಿಕರಿಯಾಗಿ, ಬಿಷಪರ ಸಮ್ಮೇಳನದ ಪ್ರಧಾನ ಕಾರ್ಯದರ್ಶಿಯಾಗಿದ್ದ ಪಾದ್ರಿಯ ಓಡಾಟವನ್ನು ಕ್ಯಾಥೊಲಿಕ್ ಸುದ್ದಿಸಂಸ್ಥೆಯೊಂದು ಬಯಲು ಮಾಡಿತು. ಅವರು ರಾಜೀನಾಮೆ ಕೊಟ್ಟರು. ಪಾದ್ರಿಗಳ ಮೇಲೆ ಕಣ್ಣಿಡಲು ಕ್ಯಾಥೊಲಿಕ್ ಗುಂಪೊಂದು ಇಂಥ ಮಾಹಿತಿಗಾಗಿ ಲಕ್ಷಾಂತರ ಡಾಲರ್ ಸುರಿದದ್ದನ್ನು 2023ರಲ್ಲಿ ವಾಷಿಂಗ್ಟನ್ ಪೋಸ್ಟ್ ವರದಿ ಮಾಡಿತು. ಇನ್ನೊಬ್ಬರ ಬದುಕನ್ನು ಅಂತರ್ಜಾಲದಲ್ಲಿ ಹೀಗೆ ಜಾಲಾಡುವುದು ಸಮ್ಮತ ಬಳಕೆಯೇ?

ನಮ್ಮ ಭಾಗದ ಸಂಸ್ಥೆಗಳ ಕಂಪ್ಯೂಟರಿನಲ್ಲಿ ಇರುವುದು ಬಹುಪಾಲು ಬಡವರ ಮಾಹಿತಿ. ಶಾಲೆಯಲ್ಲಿ ಸ್ಯಾಟ್ಸ್, ಯು-ಡೈಸ್, ಅಪಾರ್ ಐಡಿ ಎಂಬ ಸರ್ಕಾರಿ ದಾಖಲಾತಿಗಳಿಗಾಗಿ ಪ್ರತಿ ಮಗುವಿನ ಆಧಾರ್, ಜಾತಿ, ಅಪ್ಪನ ಆದಾಯ ತುಂಬಿಸಿಟ್ಟಿದ್ದಾರೆ. ಸಮಾಜಸೇವಾ ಸಂಸ್ಥೆಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಸಾಲದ ಲೆಕ್ಕ, ಸಹಿ. ಆಸ್ಪತ್ರೆಯಲ್ಲಿ ಯಾರಿಗೆ ಯಾವ ಕಾಯಿಲೆ ಎಂಬ ದಾಖಲೆ. ಆಫೀಸಿನ ಒಂದೇ ಕಂಪ್ಯೂಟರಿಗೆ ಎಲ್ಲರದೂ ಒಂದೇ ಪಾಸ್‌ವರ್ಡ್, ಅದನ್ನು ಪರದೆಯ ಅಂಚಿಗೆ ಚೀಟಿಯಲ್ಲಿ ಅಂಟಿಸಿರುವುದನ್ನು ನಾನು ನೋಡಿದ್ದೇನೆ. ಎಕ್ಸೆಲ್ ಶೀಟನ್ನು ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಕಳಿಸುವುದು ದಿನದ ರೂಢಿ. ಅಂಗಡಿಯವನ ಫೋನಿನಲ್ಲಿ ಆ ಶೀಟು ಹಾಗೇ ಉಳಿಯುತ್ತದೆ.

ಇದರ ಅಪಾಯವನ್ನು ಆಳಂದದವರಿಗೆ ಹೊರಗಿನವರು ಬಂದು ತಿಳಿಸಬೇಕಾಗಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ ಬಂದ ಅರ್ಜಿಗಳು 6,018. ಪರಿಶೀಲಿಸಿದಾಗ ಸರಿ ಇದ್ದದ್ದು ಬರೀ 24, ಉಳಿದ 5,994 ತಪ್ಪು ಅರ್ಜಿಗಳು. ಇದು ಚುನಾವಣಾ ಆಯೋಗವೇ ಹೇಳಿದ ಲೆಕ್ಕ. ತಮ್ಮ ಹೆಸರಿನಲ್ಲಿ ಅರ್ಜಿ ಹೋಗಿರುವುದು ಗೊತ್ತೇ ಇಲ್ಲದ ಜನ ಹಳ್ಳಿಗಳಲ್ಲಿದ್ದರು. ಹೆಸರು, ಗುರುತಿನ ಸಂಖ್ಯೆ, ಒಂದು ಫೋನ್ ನಂಬರು ಕೈಗೆ ಸಿಕ್ಕರೆ ಏನೇನು ಮಾಡಬಹುದು ಎಂದು ಕಂಡ ತಾಲ್ಲೂಕಿನಲ್ಲಿ ನಿಂತು ನಾವು ಆಪರೇಟರ್ ಹುಡುಗಿ ಫೇಸ್‌ಬುಕ್ ನೋಡುತ್ತಿದ್ದಾಳೋ ಇಲ್ಲವೋ ಎಂದು ಕಾಯುತ್ತಿದ್ದೇವೆ.

2021ರ ಅಕ್ಟೋಬರಿನಲ್ಲಿ ವಿಧಾನಮಂಡಲದ ಸಮಿತಿಯೊಂದು ರಾಜ್ಯದ ಚರ್ಚುಗಳ ಸಮೀಕ್ಷೆ ಆಗಬೇಕು ಎಂದಾಗ ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಪೀಟರ್ ಮಚಾದೊ ಗಟ್ಟಿಯಾಗಿ ವಿರೋಧಿಸಿದರು. ಅವರ ನಿಲುವು ಸರಿಯಾಗಿತ್ತು. ಇಂಥ ಪಟ್ಟಿ ಕೇಡಿಗರ ಕೈಗೆ ಬಿದ್ದರೆ ಹಳ್ಳಿಯಲ್ಲಿ ಬಿಡಿಬಿಡಿಯಾಗಿ ಬದುಕುವ ನಮ್ಮ ಜನರ ಗತಿಯೇನು ಎಂಬ ಆತಂಕ ನಿಜವಾದದ್ದು. ಹಾಗಾದರೆ ಧರ್ಮಕೇಂದ್ರದ ಲ್ಯಾಪ್‌ಟಾಪಿನಲ್ಲಿ ಕುಟುಂಬಗಳ ಪಟ್ಟಿಯನ್ನು ಬೀಗವಿಲ್ಲದೆ ಇಟ್ಟವರು ಯಾರು? ಧರ್ಮಪ್ರಾಂತ್ಯದ ದಾಖಲೆಕೋಣೆಗೆ ಬೀಗ ಇರಬೇಕು, ಕೀಲಿ ಬಿಷಪ್ ಮತ್ತು ಚಾನ್ಸಲರ್ ಇಬ್ಬರ ಹತ್ತಿರ ಮಾತ್ರ ಇರಬೇಕು ಎನ್ನುತ್ತದೆ 487ನೇ ಕ್ಯಾನನ್. ಜ್ಞಾನಸ್ನಾನದ ದಾಖಲೆ ಪುಸ್ತಕ ಹೊರಗಿನವರ ಕೈಗೆ ಹೋಗದಂತೆ ಧರ್ಮಕೇಂದ್ರದ ಗುರು ನೋಡಿಕೊಳ್ಳಬೇಕು ಎನ್ನುತ್ತದೆ 535ನೆಯದು. ಬೀರುವಿನೊಳಗಿನ ಪುಸ್ತಕಕ್ಕೆ ಇಷ್ಟು ಕಾವಲು ಕೊಟ್ಟ ಧರ್ಮಸಭೆ, ಅದೇ ಹೆಸರುಗಳು ಪೆನ್‌ಡ್ರೈವಿಗೆ ಬಂದಾಗ ಕೈ ಸಡಿಲ ಬಿಟ್ಟಿದೆ.

ಸ್ಟ್ಯಾನ್ ಸ್ವಾಮಿ ಅವರನ್ನು ನೆನೆಯದೆ ಈ ವಿಷಯ ಮಾತಾಡುವುದು ನನ್ನಿಂದಾಗದು. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದ ಜೆಸ್ವಿಟ್ ಪಾದ್ರಿ, ಆಮೇಲೆ ಜಾರ್ಖಂಡದ ಆದಿವಾಸಿಗಳ ಜೊತೆ ಬಾಳಿದವರು. 2018ರ ಆಗಸ್ಟಿನಲ್ಲಿ, ಮತ್ತೆ 2019ರ ಜೂನ್‌ನಲ್ಲಿ ರಾಂಚಿಯ ಅವರ ವಾಸದ ಮನೆಯ ಮೇಲೆ ಪೊಲೀಸ್ ದಾಳಿ ನಡೆಯಿತು, ಕಂಪ್ಯೂಟರ್ ವಶವಾಯಿತು. 2020ರ ಅಕ್ಟೋಬರ್ 8ರಂದು ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್ಐಎ) ಅವರನ್ನು ಬಂಧಿಸಿತು. 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ಜಾಮೀನು ಸಿಗದೆಯೇ ಅವರು ಮುಂಬೈನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಪರ ವಕೀಲರಿಗಾಗಿ ಆ ಕಂಪ್ಯೂಟರಿನ ಪ್ರತಿಯನ್ನು ಪರೀಕ್ಷಿಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ 2022ರ ಡಿಸೆಂಬರಿನಲ್ಲಿ ಕೊಟ್ಟ ವರದಿ ಪ್ರಕಾರ, 2014ರಿಂದ 2019ರವರೆಗೆ ಹೊರಗಿನವರು ಅದರೊಳಗೆ ನುಸುಳಿದ್ದರು, ನಲವತ್ತಕ್ಕೂ ಹೆಚ್ಚು ಕಡತಗಳನ್ನು ಅವರಿಗೆ ಗೊತ್ತಿಲ್ಲದಂತೆ ತಂದು ಇಟ್ಟಿದ್ದರು. ತನಿಖಾ ಸಂಸ್ಥೆ ಇದನ್ನು ಒಪ್ಪಿಲ್ಲ. ಒಪ್ಪದಿದ್ದರೂ ಪ್ರತಿಯೊಬ್ಬ ಬಿಷಪ್, ಪ್ರತಿಯೊಬ್ಬ ಪ್ರಾಂತಾಧಿಕಾರಿ ಆ ವರದಿಯನ್ನು ಮೇಜಿನ ಮೇಲಿಟ್ಟುಕೊಂಡು ಕೇಳಬೇಕಾದ ಪ್ರಶ್ನೆ ಇದೆ: ಬಡವರ ಪರ ಕೆಲಸ ಮಾಡುವ ನಮ್ಮವರ ಕಂಪ್ಯೂಟರನ್ನು ಕಾಯುವ ಹೊಣೆ ಯಾರದು? ಐದು ವರ್ಷ ಯಾರೂ ನೋಡಲಿಲ್ಲವೇ?

ಮತ್ತೆ ಜೆರೋಸಾಕ್ಕೆ ಬರುತ್ತೇನೆ, ಅದರ ಪಕ್ಕದಲ್ಲಿ ಬೀದರನ್ನು ಇಟ್ಟು. 2020ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ಅದರ ವಿಡಿಯೊ ಫೇಸ್‌ಬುಕ್‌ಗೆ ಹೋಯಿತು, ರಾಜದ್ರೋಹದ ಪ್ರಕರಣ ಬಂತು. ಒಬ್ಬ ಶಿಕ್ಷಕಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಜೈಲಿಗೆ ಹಾಕಿದರು; ಪೊಲೀಸರು ಮಕ್ಕಳನ್ನು ಕೂರಿಸಿಕೊಂಡು ಮತ್ತೆ ಮತ್ತೆ ಪ್ರಶ್ನಿಸಿದರು. ಆಡಳಿತ ಮಂಡಳಿಯವರ ಮೇಲೂ ಕೇಸಾಯಿತು. ಅವರು ಕೋರ್ಟಿಗೆ ಹೋದರು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಪ್ರಕರಣವನ್ನು ರದ್ದು ಮಾಡಿತು. ನಾಟಕ ಶಾಲೆಯೊಳಗೆ ನಡೆದದ್ದು, ಜನಕ್ಕೆ ಗೊತ್ತಾದದ್ದೇ ಫೇಸ್‌ಬುಕ್‌ಗೆ ಹಾಕಿದ ಮೇಲೆ ಎಂದು ಗುರುತಿಸಿತು. ಶಾಲೆಯ ವಿಡಿಯೊ ಯಾರು, ಯಾವಾಗ, ಎಲ್ಲಿಗೆ ಹಾಕಬಹುದು ಎಂಬ ನಿಯಮ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಇಂಟರ್ನೆಟ್ಟಿನಲ್ಲಿ ಬೆಂಕಿ ಹತ್ತಿದ ಮೇಲೂ ಮೂರು ವರ್ಷ ಕಾದು ಕಾನೂನಿನ ದಾರಿಯಲ್ಲೇ ಗೆಲ್ಲಬಹುದು ಎಂಬುದಕ್ಕೂ ಅದೇ ಸಾಕ್ಷಿ. ಜೆಪ್ಪುವಿನಲ್ಲಿ ನಮ್ಮವರು ಮೂರು ದಿನವಾದರೂ ಕಾಯಬೇಕಿತ್ತು.

ವ್ಯಾಟಿಕನ್ ಈ ಪ್ರಶ್ನೆಯನ್ನು ಎದುರಿಸಿ ಕಾಲು ಶತಮಾನವಾಗುತ್ತ ಬಂತು. 2002ರ ಫೆಬ್ರುವರಿಯಲ್ಲಿ ಇಂಟರ್ನೆಟ್ ಬಗ್ಗೆ ಎರಡು ದಾಖಲೆಗಳನ್ನು ಅದು ಹೊರತಂದಿತು. ತಂತ್ರಜ್ಞಾನಕ್ಕೆ ಮನುಷ್ಯ ವ್ಯಕ್ತಿಯ ಘನತೆಯೇ ಅಳತೆಗೋಲು ಎಂಬುದು ಅವುಗಳ ನಿಲುವು. ಈ ದೇಶದ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸಾರಿದ್ದು ಕನ್ನಡನಾಡಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಗೆ ಬರಲು ಸಂಸ್ಥೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ. ಮಾಹಿತಿಯನ್ನು ಕಾಯದೆ ಸೋರಿಸಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಮಕ್ಕಳ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಶಾಲೆಗಳಿಗೆ ಸಿಕ್ಕ ವಿನಾಯಿತಿ ಕಲಿಕೆ ಮತ್ತು ಮಕ್ಕಳ ಸುರಕ್ಷತೆಗೆ ಮಾತ್ರ.

ಹಾಗಾದರೆ ಆ ಮುಚ್ಚಳಿಕೆಯ ಕಾಗದವನ್ನು ಹೊಸದಾಗಿ ಬರೆಯಬೇಕು. ಆಡಳಿತ ಯಾರ ಮೇಲ್ ತೆರೆಯಬೇಕಾದರೂ ಕಾರಣವನ್ನು ಮೊದಲೇ ಬರೆದಿಡಲಿ, ಒಬ್ಬರೇ ತೆರೆಯದೆ ಇಬ್ಬರು ಕೂತು ತೆರೆಯಲಿ, ಅದರಲ್ಲೊಬ್ಬರು ಪಾದ್ರಿಯೋ ಸಿಸ್ಟರೋ ಅಲ್ಲದ ಗೃಹಸ್ಥರಾಗಿರಲಿ, ತೆರೆದದ್ದನ್ನು ಆ ವ್ಯಕ್ತಿಗೆ ತಿಳಿಸಲಿ. ಸ್ವಂತ ಫೋನನ್ನು ಯಾರೂ ಕೇಳಬಾರದು. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡಲಿ. ಸುಪೀರಿಯರ್ ಅಥವಾ ಪ್ರಿನ್ಸಿಪಾಲರ ಮೇಲೇ ದೂರಿದ್ದರೆ ಅದು ಅವರ ಕೈಯಲ್ಲಿರುವ ಮೇಲ್ ಮೂಲಕ ಹೋಗಬೇಕಾಗಿ ಬರಬಾರದು. ಹೊರಗಿನ ವಿಳಾಸವೊಂದು ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಆರೋಪದ ಮೇಲೆ, ಆ ವ್ಯಕ್ತಿಯ ಮಾತು ಕೇಳದೆ, ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂಬ ವಾಗ್ದಾನ ಅದರಲ್ಲಿ ಇರಲೇಬೇಕು. ಆಗ ಆಪರೇಟರ್‌ಗೆ ಪೆನ್‌ಡ್ರೈವ್ ಬೇಡ ಎನ್ನುವ ಹಕ್ಕು ಆಡಳಿತಕ್ಕೆ ಬರುತ್ತದೆ.

ಕಲಬುರಗಿ ಧರ್ಮಪ್ರಾಂತ್ಯ 2005ರಲ್ಲಿ ಹುಟ್ಟಿದ ಎಳೆಯ ಧರ್ಮಪ್ರಾಂತ್ಯ. ಹಳೆಯ ಧರ್ಮಪ್ರಾಂತ್ಯಗಳ ರೂಢಿಗಳನ್ನು ಹೊತ್ತು ತಿರುಗುವ ಅಗತ್ಯ ಅದಕ್ಕಿಲ್ಲ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಶಾಲೆಗಳು ತೆರೆಯುವ ಮುನ್ನ ಇಂಥದೊಂದು ನಿಯಮಾವಳಿಯ ಕರಡನ್ನು ಕನ್ನಡದಲ್ಲಿ ಬರೆಸಿ, ಶಿಕ್ಷಕರಿಂದ ಹಿಡಿದು ಸ್ವಸಹಾಯ ಸಂಘದ ಅಕ್ಕಂದಿರವರೆಗೆ ಎಲ್ಲರ ಮುಂದಿಟ್ಟು ಚರ್ಚೆಗೆ ಕೊಡಲಿ. ಮೊದಲ ಸಹಿ ಸಂಚಾಲಕರಾದ ಫಾದರ್ ಹಾಕಲಿ, ಎರಡನೆಯದು ಸುಪೀರಿಯರ್. ಕಡಗಂಚಿಯಲ್ಲಿ ಓದು ಮುಗಿಸಿ ಬಂದ ಹುಡುಗಿ ಅವರಿಬ್ಬರ ಹೆಸರು ನೋಡಿದ ಮೇಲೆ ತನ್ನದನ್ನು ಹಾಕುತ್ತಾಳೆ.